ಡಿಸ್‌ಗ್ರಾಫಿಯಾ ಇರುವ ಮಗ ಪದವಿಗೆ ಸೇರುತ್ತಿದ್ದಾನೆ: ಕಾಲೇಜು ತೆರೆಯುವ ಮೊದಲು ಏನೇನು ಸಿದ್ಧ ಮಾಡಿಕೊಳ್ಳಬೇಕು?

ಹಾಸನದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗ ದ್ವಿತೀಯ ಪಿಯುಸಿ ಮುಗಿಸಿ ಮೈಸೂರಿನ ಅನುದಾನಿತ ಕಾಲೇಜೊಂದರಲ್ಲಿ ಬಿ.ಎಸ್ಸಿ.ಗೆ ಸೀಟು ಪಡೆದಿದ್ದಾನೆ. ತರಗತಿಗಳು ಆರಂಭವಾಗಲು ಇನ್ನು ಐದು ವಾರಗಳಿವೆ. ಅವನಿಗೆ ಡಿಸ್‌ಲೆಕ್ಸಿಯಾ (ಓದುವ ತೊಂದರೆ) ಮತ್ತು ಡಿಸ್‌ಗ್ರಾಫಿಯಾ (ಬರೆಯುವ ತೊಂದರೆ) ಇರುವುದು ಐದನೇ ತರಗತಿಯಲ್ಲಿ ಗೊತ್ತಾಯಿತು. ಗಮನ ಒಂದೆಡೆ ನಿಲ್ಲದಿರುವ ಎಡಿಎಚ್‌ಡಿ ಎಂಬ ತೊಂದರೆ ಕೂಡ ಇದೆಯೆಂದು ವೈದ್ಯರು ಹೇಳಿದ್ದು ಕಳೆದ ವರ್ಷ. ನಾನು ಚಪಾತಿ ಲಟ್ಟಿಸುತ್ತಿರುವಾಗ ಪಕ್ಕದಲ್ಲಿ ನಿಂತು ಭೌತಶಾಸ್ತ್ರದ ಒಂದು ಇಡೀ ಡೆರಿವೇಶನ್ನನ್ನು ಬಾಯಲ್ಲೇ ತಪ್ಪಿಲ್ಲದೆ ಒಪ್ಪಿಸುತ್ತಾನೆ. ಅದನ್ನೇ ಕಾಗದದ ಮೇಲೆ ಬರೆಯಲು ಕೂತರೆ ಅರ್ಧ ಗಂಟೆಗೆ ಆರು ಸಾಲು ಆಗುತ್ತದೆ, ಒತ್ತಕ್ಷರಗಳು ಬಿಟ್ಟುಹೋಗುತ್ತವೆ, ಪೆನ್ನು ಹಿಡಿದ ಬಿಗಿಗೆ ನಡುಬೆರಳಿನಲ್ಲಿ ಬಿದ್ದ ಗುಳಿ ಮರುದಿನವೂ ಕಾಣುತ್ತಿರುತ್ತದೆ.

ಇದುವರೆಗೆ ಎಲ್ಲವನ್ನೂ ನಾನೇ ನೋಡಿಕೊಂಡೆ. ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದದ್ದು, ಸ್ಕ್ರೈಬ್ (ಪರೀಕ್ಷೆಯಲ್ಲಿ ಅವನು ಹೇಳಿದ್ದನ್ನು ಬರೆದುಕೊಡುವವರು) ಹುಡುಕಿದ್ದು, ಪರೀಕ್ಷೆಯ ದಿನ ಕೊಠಡಿಯ ಹೊರಗೆ ಕಾದು ಕೂತದ್ದು ಎಲ್ಲವೂ ನನ್ನ ಕೆಲಸವಾಗಿತ್ತು. ಈಗ ಅವನು ಮೈಸೂರಿನಲ್ಲಿ ಹಾಸ್ಟೆಲ್ ಸೇರುತ್ತಾನೆ, ನಾನು ಇಲ್ಲಿ ಹಾಸನದಲ್ಲಿರುತ್ತೇನೆ. ಯಾವ ಕಾಗದಗಳು ಬೇಕು, ಯಾರನ್ನು ಕಾಣಬೇಕು, ಯಾವಾಗ ಕಾಣಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ಹೊಸ ಜಾಗದಲ್ಲಿ ಇದನ್ನೆಲ್ಲ ಹೇಳಿಕೊಳ್ಳುವುದೇ ಬೇಡ, ಹುಡುಗನಿಗೆ ಹಣೆಪಟ್ಟಿ ಕಟ್ಟುತ್ತಾರೆ ಎಂದು ನಮ್ಮ ಬಂಧುಗಳು ಹೇಳುತ್ತಿದ್ದಾರೆ. ಆ ಮಾತು ನನ್ನನ್ನು ಕೊರೆಯುತ್ತಿದೆ.

ಪರೀಕ್ಷಾ ಸಂಯೋಜಕ

ನಮಸ್ಕಾರ ಮೇಡಂ. ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಆರು ವರ್ಷಗಳಿಂದ ಪರೀಕ್ಷಾ ಕೆಲಸವನ್ನೂ ನೋಡಿಕೊಳ್ಳುತ್ತಿದ್ದೇನೆ. ಪಿಯುಸಿಯಲ್ಲಿ ಸಿಕ್ಕಿದ್ದ ಸೌಲಭ್ಯ ಪದವಿಗೆ ತಾನಾಗಿಯೇ ಮುಂದುವರಿಯುತ್ತದೆ ಎಂದು ಹೆಚ್ಚಿನ ಪೋಷಕರು ನಂಬಿರುತ್ತಾರೆ, ಹಾಗೆ ಆಗುವುದಿಲ್ಲ. ನಿಮ್ಮ ಮಗನ ಕಡತ ಪಿಯು ಮಟ್ಟದಲ್ಲಿಯೇ ಮುಗಿಯಿತು. ವಿಶ್ವವಿದ್ಯಾಲಯದ ಪಾಲಿಗೆ ಅವನು ಹೊಸಬ. ಆದ್ದರಿಂದ ಎಲ್ಲವನ್ನೂ ಮತ್ತೆ ಕೇಳಿ ಪಡೆಯಬೇಕು.

ಕಾನೂನಿನ ಬಲ ನಿಮ್ಮ ಕಡೆಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು; ಈಗಿನದರಲ್ಲಿ 21 ಇವೆ, ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್‌ಲೆಕ್ಸಿಯಾ, ಡಿಸ್‌ಗ್ರಾಫಿಯಾ ಬರುವುದು ಇದರಲ್ಲಿ) ಮತ್ತು ಆಟಿಸಂ ಎರಡೂ ಅವುಗಳಲ್ಲಿ ಸೇರಿವೆ. ಹೆಚ್ಚುವರಿ ಸಮಯ, ಸ್ಕ್ರೈಬ್, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವುಗಳನ್ನು ಕಾಯ್ದೆಯ 17ನೇ ಸೆಕ್ಷನ್ ಹೆಸರಿಸಿಯೇ ಹೇಳುತ್ತದೆ. ಪದವಿಯ ಮೊದಲ ಸೆಮಿಸ್ಟರ್‌ಗಳಲ್ಲಿ ಭಾಷಾ ವಿಷಯಗಳು ಇರುವುದರಿಂದ ಈ ಭಾಷಾ ವಿನಾಯಿತಿಯನ್ನು ಮರೆಯಬೇಡಿ. ಪ್ರವೇಶದ ಅರ್ಜಿಯಲ್ಲಿ ಭಾಷೆಗಳನ್ನು ಗುರುತಿಸುವ ಮೊದಲೇ ಕೇಳಿಕೊಳ್ಳಿ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಮೀಸಲಿಡಬೇಕೆಂದೂ ಕಾಯ್ದೆಯಲ್ಲಿದೆ.

ಲಿಖಿತ ಪರೀಕ್ಷೆಗಳ ಬಗ್ಗೆ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದಿದೆ. ಮೂರು ಗಂಟೆಯ ಪತ್ರಿಕೆಗೆ ಅದು ಒಂದು ಗಂಟೆಯಾಗುತ್ತದೆ. ದೃಷ್ಟಿದೋಷ, ಎರಡೂ ಕೈಗಳ ದೋಷ ಮತ್ತು ಸೆರೆಬ್ರಲ್ ಪಾಲ್ಸಿ ಇರುವವರಿಗೆ ಕೇಳಿದೊಡನೆ ಸ್ಕ್ರೈಬ್ ಕೊಡಬೇಕು. ಉಳಿದವರು ಬರೆಯಲು ತೊಂದರೆಯಿದೆ ಎಂಬುದಕ್ಕೆ ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಜಿಲ್ಲಾ ಶಸ್ತ್ರಚಿಕಿತ್ಸಕ ಅಥವಾ ವೈದ್ಯಕೀಯ ಅಧೀಕ್ಷಕರಿಂದ ಪ್ರತ್ಯೇಕ ಪ್ರಮಾಣಪತ್ರ ತರಬೇಕು. ನಿಮ್ಮ ಮಗ ಈ ಎರಡನೆಯ ಗುಂಪಿಗೆ ಸೇರುತ್ತಾನೆ. ಅಂಗವೈಕಲ್ಯದ ಕಾರ್ಡ್ ಇದ್ದರೆ ಸಾಕು ಎಂದುಕೊಂಡು ಬಂದು ಕೊನೆಗಳಿಗೆಯಲ್ಲಿ ಓಡಾಡುವವರನ್ನು ನಾನು ಪ್ರತಿವರ್ಷ ನೋಡುತ್ತೇನೆ. ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ಆ ವರ್ಷದ ಸುತ್ತೋಲೆಯನ್ನು ಕಾಲೇಜಿನಲ್ಲಿ ಕೇಳಿ ಓದಿಕೊಳ್ಳಿ.

ಇನ್ನು, ಯಾವಾಗ ಎಂಬ ಪ್ರಶ್ನೆ. ಕಾಲೇಜಿನೊಳಗಿನ ಇಂಟರ್ನಲ್ ಪರೀಕ್ಷೆಗೆ ಪ್ರಾಂಶುಪಾಲರ ಅನುಮತಿ ಸಾಕಾಗುತ್ತದೆ. ಸೆಮಿಸ್ಟರ್ ಪರೀಕ್ಷೆಯ ಅನುಮತಿ ಕಾಲೇಜಿನ ಮೂಲಕ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಂದ ಬರಬೇಕಾಗುತ್ತದೆ, ಅದಕ್ಕೆ ವಾರಗಳು ಹಿಡಿಯುತ್ತವೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಪರೀಕ್ಷೆಗೆ ಮೂರು ದಿನ ಇರುವಾಗ ಪ್ರಮಾಣಪತ್ರ ಹಿಡಿದುಕೊಂಡು ಬಂದಳು. ಅನುಮತಿ ಬರುವಷ್ಟರಲ್ಲಿ ಎರಡು ಪತ್ರಿಕೆಗಳು ಮುಗಿದುಹೋಗಿದ್ದವು. ಹೀಗೊಂದು ಸೌಲಭ್ಯ ಇದೆಯೆಂದು ನಾವು ಯಾರೂ ತರಗತಿಯಲ್ಲಿ ಹೇಳಿರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಅಂದಿನಿಂದ ಪ್ರತಿ ಮೊದಲ ಸೆಮಿಸ್ಟರಿನ ಮೊದಲ ವಾರವೇ ನಾನು ಎಲ್ಲ ವಿಭಾಗಗಳಿಗೂ ಹೋಗಿ ಹೇಳಿ ಬರುತ್ತೇನೆ. ನಿಮ್ಮ ಮಗ ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ಯಲಿ. ಒಂದರ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡು ತನ್ನ ಬಳಿ ಇಟ್ಟುಕೊಳ್ಳಲಿ. ಮುದ್ರೆಯಿಲ್ಲದ ಅರ್ಜಿ ಎಲ್ಲಿ ಹೋಯಿತೆಂದು ಆಮೇಲೆ ಯಾರೂ ಹೇಳಲಾರರು.

ವಿಶೇಷ ಶಿಕ್ಷಕಿ

ಸಂಯೋಜಕರು ಹೇಳಿದ್ದಕ್ಕೆ ಎರಡು ವಿಷಯ ಸೇರಿಸುತ್ತೇನೆ. ಮೊದಲನೆಯದು ಪ್ರಮಾಣಪತ್ರದ ವಯಸ್ಸು. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಎಂಟು ವರ್ಷ ತುಂಬಿದ ಮೇಲೆ ಕೊಡಬೇಕು, 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಬೇಕು, 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ಊರ್ಜಿತ ಎಂದು 2018ರ ಜನವರಿಯ ಕೇಂದ್ರ ಅಧಿಸೂಚನೆ ಹೇಳಿತು. ಪಿಯುಸಿ ಮುಗಿಸುವ ಮಕ್ಕಳು ಸರಿಯಾಗಿ ಈ ಹೊಸ್ತಿಲಿನಲ್ಲೇ ನಿಂತಿರುತ್ತಾರೆ. ನಿಮ್ಮ ಮಗನ ಕೈಯಲ್ಲಿರುವುದು ಹೈಸ್ಕೂಲಿನ ಕಾಲದ್ದಾದರೆ ಈ ಐದು ವಾರಗಳಲ್ಲಿ ಮಾಡಬೇಕಾದ ಮೊದಲ ಕೆಲಸ ಮರುಪರೀಕ್ಷೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಪರೀಕ್ಷೆ ನಡೆಯುತ್ತದೆ. ಇದಕ್ಕೆ ಬಳಸುವ ಪರೀಕ್ಷಾ ಸರಣಿಯನ್ನು ರೂಪಿಸಿದ್ದೂ ಅದೇ ಸಂಸ್ಥೆ. ಯುಡಿಐಡಿ ಕಾರ್ಡ್ (ಅಂಗವಿಕಲರ ರಾಷ್ಟ್ರಮಟ್ಟದ ಗುರುತಿನ ಚೀಟಿ) ಇಲ್ಲದಿದ್ದರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಈಗಲೇ ಅರ್ಜಿ ಹಾಕಿ. ಶೇಕಡ 40 ತುಂಬಿದ್ದು ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿಯೊಳಗಿದ್ದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೂ ಹಾಕಬಹುದು.

ಎರಡನೆಯದನ್ನು ನಾನು ಹೆಚ್ಚು ಒತ್ತಿ ಹೇಳಬೇಕು. ಸ್ಕ್ರೈಬ್‌ಗೆ ಹೇಳಿ ಬರೆಸುವುದು ಒಂದು ವಿದ್ಯೆ, ಅದನ್ನು ಕಲಿಯಬೇಕು. ವಿಜ್ಞಾನದ ವಿದ್ಯಾರ್ಥಿಗೆ ಇದು ಇನ್ನೂ ಕಷ್ಟ. "ಎ ಕೂಡಿಸು ಬಿ ಭಾಗಿಸು ಸಿ" ಎಂದು ಹುಡುಗ ಹೇಳುತ್ತಾನೆ. ಅವನ ಮನಸ್ಸಿನಲ್ಲಿ ಎ ಮತ್ತು ಬಿ ಎರಡನ್ನೂ ಕೂಡಿಸಿ ಸಿಯಿಂದ ಭಾಗಿಸಬೇಕೆಂದಿರುತ್ತದೆ, ಬರೆಯುವವರು ಬಿಯನ್ನು ಮಾತ್ರ ಸಿಯ ಮೇಲೆ ಬರೆಯುತ್ತಾರೆ, ಮುಂದಿನ ಹತ್ತು ಸಾಲು ತಪ್ಪಾಗುತ್ತದೆ. ನನ್ನ ವಿದ್ಯಾರ್ಥಿಗಳಿಗೆ "ಆವರಣ ತೆರೆ, ಎ ಕೂಡಿಸು ಬಿ, ಆವರಣ ಮುಚ್ಚು, ಇಡೀ ಭಾಗಿಸು ಸಿ" ಎಂದು ಹೇಳುವುದನ್ನು ಅಭ್ಯಾಸ ಮಾಡಿಸುತ್ತೇನೆ. ಚಿತ್ರ ಬರೆಸುವಾಗ ಎಡಬಲ, ಮೇಲೆಕೆಳಗೆ, ಬಾಣದ ದಿಕ್ಕು ಇವನ್ನು ಯಾವ ಕ್ರಮದಲ್ಲಿ ಹೇಳಬೇಕೆಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಈ ರಜೆಯಲ್ಲಿ ಪರಿಚಯದ ಪಿಯುಸಿ ವಿದ್ಯಾರ್ಥಿಯೊಬ್ಬನನ್ನು ಕೂರಿಸಿಕೊಂಡು, ಗಡಿಯಾರ ಇಟ್ಟು, ವಾರಕ್ಕೆ ಎರಡು ಹಳೆಯ ಪ್ರಶ್ನೆಪತ್ರಿಕೆ ಬರೆಸಲಿ. ನೀವು ಆ ಕೊಠಡಿಯಲ್ಲಿ ಇರಬೇಡಿ ಅಮ್ಮ. ಮಗನ ಅರ್ಧ ಮಾತಿಗೇ ನಿಮಗೆ ಪೂರ್ತಿ ಅರ್ಥವಾಗುತ್ತದೆ, ಪರಿಚಯವಿಲ್ಲದವರಿಗೆ ಆಗುವುದಿಲ್ಲ.

ಬ್ರೈಲ್ ಓದುಗ

ನಾನು ಹುಟ್ಟಿನಿಂದ ದೃಷ್ಟಿಹೀನ. ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ. ನಮ್ಮ ತೊಂದರೆಗಳು ಬೇರೆಬೇರೆಯಾದರೂ, ಓದುವುದಕ್ಕಿಂತ ಕೇಳಿಸಿಕೊಂಡು ಕಲಿಯುವುದು ಸುಲಭವಾಗಿರುವ ಎಲ್ಲರಿಗೂ ಅನ್ವಯಿಸುವ ಒಂದು ಸಂಗತಿ ಹೇಳುತ್ತೇನೆ.

ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಪದವಿಯ ಮೊದಲ ತಿಂಗಳು ಉಪನ್ಯಾಸಕರೊಬ್ಬರು ಪ್ರೀತಿಯಿಂದ ತಮ್ಮ ನೋಟ್ಸ್‌ನ ಕಡತವನ್ನೇ ಕಳಿಸಿದರು. ತೆರೆದು ಕೇಳಿದರೆ "ಕನ್ನಡ" ಎಂಬ ಪದ ಇರಬೇಕಾದಲ್ಲಿ "ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್" ಎಂದು ಓದತೊಡಗಿತು. ಅವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಅದರಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರ, ಚಿಹ್ನೆಗಳ ಗುರುತು. ಯಂತ್ರ ಆ ಗುರುತನ್ನೇ ಓದುತ್ತದೆ. ಕನ್ನಡ ಅಕ್ಷರಕ್ಕೆ ಕನ್ನಡದ್ದೇ ಗುರುತು ಇರುವ ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅದೇ ನೋಟ್ಸ್ ಸರಾಗವಾಗಿ ಕೇಳಿತು. ಆದ್ದರಿಂದ ಕನ್ನಡ ವಿಷಯದ ಉಪನ್ಯಾಸಕರನ್ನು ಮೊದಲ ಭೇಟಿಯಲ್ಲೇ "ನೋಟ್ಸ್ ಯೂನಿಕೋಡ್‌ನಲ್ಲಿ ಇದೆಯೇ ಸರ್" ಎಂದು ಕೇಳಬೇಕು. ಜೆರಾಕ್ಸ್ ಹಾಳೆಯ ಫೋಟೋ ತೆಗೆದು ಮಾಡಿದ ಪಿಡಿಎಫ್ ಕೂಡ ಹಾಗೆಯೇ ಮೂಕ. ಅದರಲ್ಲಿ ಅಕ್ಷರವಿಲ್ಲ, ಅಕ್ಷರದ ಚಿತ್ರವಿದೆ.

ಪಠ್ಯಪುಸ್ತಕಗಳಿಗೆ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ. ಅಚ್ಚಾದುದನ್ನು ಓದಲಾಗದವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರುವುದಕ್ಕೆ 2012ರ ತಿದ್ದುಪಡಿಯ ಬಳಿಕ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ. ಇದು ಕಳ್ಳತನವೇನೋ ಎಂದು ಗ್ರಂಥಾಲಯದವರು ಅಂಜಿದರೆ ಈ ಮಾತನ್ನು ಹೇಳಿ. ಡಿಸ್‌ಲೆಕ್ಸಿಯಾ ಇರುವವರೂ ಅಚ್ಚು ಓದಲು ಕಷ್ಟಪಡುವವರೇ. ಇಂಥ ಗ್ರಂಥಾಲಯ ದೃಷ್ಟಿಹೀನರಿಗೆ ಮಾತ್ರ ಎಂದು ಭಾವಿಸಿ ಅವರು ಹಿಂದೆ ಸರಿಯುವುದನ್ನು ನೋಡಿದಾಗ ನನಗೆ ನೋವಾಗುತ್ತದೆ.

ಹಾಸ್ಟೆಲ್‌ನ ಮೂರನೇ ಮಹಡಿ

ನಾನು ಆಟಿಸಂ ಇರುವ ಎಂಜಿನಿಯರಿಂಗ್ ವಿದ್ಯಾರ್ಥಿ, ಈಗ ಮೂರನೇ ವರ್ಷದಲ್ಲಿದ್ದೇನೆ. ಇಲ್ಲಿಯವರೆಗಿನ ಮಾತೆಲ್ಲ ಪರೀಕ್ಷೆಯ ಸುತ್ತ ಇದೆ. ನನ್ನ ಮೊದಲ ಸೆಮಿಸ್ಟರ್ ಕೆಟ್ಟದ್ದು ಪರೀಕ್ಷೆಯಿಂದಲ್ಲ, ಮೆಸ್ಸಿನಿಂದ. ರಾತ್ರಿ ಎಂಟಕ್ಕೆ ಸ್ಟೀಲ್ ತಟ್ಟೆಗಳನ್ನು ಸಿಮೆಂಟಿನ ತೊಟ್ಟಿಗೆ ಎಸೆಯುವ ಸದ್ದು, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ, ಇನ್ನೂರು ಜನರ ಮಾತು ಎಲ್ಲ ಒಟ್ಟಾಗಿ ಬಂದಾಗ ನನಗೆ ಉಣ್ಣಲು ಆಗುತ್ತಿರಲಿಲ್ಲ. ಎರಡು ತಿಂಗಳು ಬಿಸ್ಕೆಟ್ ತಿಂದು ಮಲಗಿದೆ. ಹೇಳಿದರೆ ಹಟಮಾರಿ ಎನ್ನುತ್ತಾರೆಂದು ಯಾರಿಗೂ ಹೇಳಲಿಲ್ಲ. ಕೊನೆಗೆ ವಾರ್ಡನ್ನರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಏಳೂಕಾಲಿಗೆ ಬಂದು ಊಟ ಮಾಡ್ತೀಯಾ?" ಆ ಮುಕ್ಕಾಲು ಗಂಟೆಯಿಂದ ನನ್ನ ಕಷ್ಟ ಬಗೆಹರಿಯಿತು. ಎರಡು ತಿಂಗಳು ಮೊದಲೇ ಕೇಳಬಹುದಿತ್ತಲ್ಲ ಎಂಬ ಸಂಕಟ ಈಗಲೂ ಇದೆ.

ತಮ್ಮನಿಗೆ ನನ್ನ ಸಲಹೆ ಇಷ್ಟು. ಕಾಲೇಜು ಆರಂಭವಾಗುವ ಮೊದಲು ಜನವಿಲ್ಲದ ದಿನ ಹೋಗಿ ಹಾಸ್ಟೆಲ್‌ನಿಂದ ತರಗತಿಗೆ, ತರಗತಿಯಿಂದ ಪ್ರಯೋಗಾಲಯಕ್ಕೆ, ಪ್ರಯೋಗಾಲಯದಿಂದ ಗ್ರಂಥಾಲಯಕ್ಕೆ ಎರಡು ಸಲ ನಡೆಯಲಿ. ಬಟ್ಟೆ ಒಗೆಯುವುದು, ಬ್ಯಾಂಕಿನ ಚಲನ್ ತುಂಬುವುದು, ಗುಳಿಗೆ ತೆಗೆದುಕೊಳ್ಳುವುದು ಇವನ್ನು ಈಗಿನಿಂದಲೇ ಅವನೇ ಮಾಡಲಿ. ಹೊಸ ಊರು, ಹೊಸ ಪಾಠ, ಹೊಸ ಮನೆಗೆಲಸ ಮೂರೂ ಒಂದೇ ವಾರ ಎದುರಾದರೆ ಮೊದಲು ಕೈಬಿಡುವುದು ಪಾಠವನ್ನೇ.

ಎಂ.ಕಾಂ. ವಿದ್ಯಾರ್ಥಿನಿ

ಎಡಿಎಚ್‌ಡಿ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕಾಯ್ದೆಯ ಆ 21ರ ಪಟ್ಟಿಯಲ್ಲಿ ಎಡಿಎಚ್‌ಡಿ ಹೆಸರಿಲ್ಲ; ಅದೊಂದೇ ಇರುವ ನನ್ನಂಥವರಿಗೆ ಕಾರ್ಡ್ ತೋರಿಸಿ ಕೇಳುವ ದಾರಿಯಿಲ್ಲ. ನಿಮ್ಮ ಮಗನಿಗೆ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಇರುವುದರಿಂದ ಆ ಕಷ್ಟವಿಲ್ಲ, ಆದರೆ ವೈದ್ಯರ ವರದಿಯಲ್ಲಿ ಎರಡನ್ನೂ ಬರೆಸಿಕೊಳ್ಳಿ.

ಪಿಯುಸಿಯಲ್ಲಿ ವಾರವಾರ ಟೆಸ್ಟ್ ಇರುತ್ತದೆ, ಮನೆಯಲ್ಲಿ ಅಮ್ಮ ಕೂಗುತ್ತಾರೆ, ಟ್ಯೂಷನ್ನಿನವರು ಬೆನ್ನು ಹತ್ತುತ್ತಾರೆ. ಪದವಿಯಲ್ಲಿ ಹದಿನಾರು ವಾರ ಯಾರೂ ಏನೂ ಕೇಳುವುದಿಲ್ಲ, ಆಮೇಲೆ ಒಂದೇ ವಾರದಲ್ಲಿ ಅಸೈನ್‌ಮೆಂಟ್, ಸೆಮಿನಾರ್, ಇಂಟರ್ನಲ್ಸ್ ಎಲ್ಲ ಬಂದು ಕೂರುತ್ತವೆ. ನಾನು ಮೊದಲ ವರ್ಷ ಬಿದ್ದದ್ದು ಅಲ್ಲಿಯೇ. ನನಗೆ ಫೋನಿನ ನೆನಪೋಲೆಗಳಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಜೊತೆಗೆ ಕೂತು ಓದುವ ಒಬ್ಬ ಗೆಳತಿ. ನಾವು ಮಾತಾಡುತ್ತಿರಲಿಲ್ಲ, ಸಂಜೆ ಐದರಿಂದ ಏಳರವರೆಗೆ ಗ್ರಂಥಾಲಯದ ಒಂದೇ ಮೇಜಿನ ಮುಂದೆ ಕೂರುತ್ತಿದ್ದೆವು, ಅಷ್ಟೆ. ಅವಳು ಬರದ ದಿನ ನಾನು ಪುಸ್ತಕ ತೆರೆಯುತ್ತಲೇ ಇರಲಿಲ್ಲ.

ಹಾಸನದ ತಾಯಿ

ನಿಮ್ಮೆಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಇಂದು ಜಿಲ್ಲಾ ಆಸ್ಪತ್ರೆಗೆ ಹೋಗಿ ಮರುಪರೀಕ್ಷೆಯ ದಿನಾಂಕ ಪಡೆದು ಬಂದೆವು. ಹೇಳಬೇಕೋ ಬೇಡವೋ ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ. ಇನ್ನೊಂದು ಭಯವೂ ಇದೆ: ಈ ಸಲದ ಪರೀಕ್ಷೆಯಲ್ಲಿ ಶೇಕಡ 40ಕ್ಕಿಂತ ಕಡಿಮೆ ಬಂದರೆ ಸ್ಕ್ರೈಬ್ ತಪ್ಪಿಹೋಗುತ್ತದೆಯೇ?

ಪರೀಕ್ಷಾ ಸಂಯೋಜಕ

ತಪ್ಪಿಹೋಗಬಾರದು ಮೇಡಂ. ಬರೆಯುವಾಗ ಕೈ ಸೆಳೆಯುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ ಕೇಂದ್ರ ಲೋಕಸೇವಾ ಆಯೋಗದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟು, ಸ್ಕ್ರೈಬ್ ಸೌಲಭ್ಯವನ್ನು ಶೇಕಡ 40ರ ಗೆರೆಗೆ ಕಟ್ಟಿಹಾಕುವಂತಿಲ್ಲ ಎಂದು ಹೇಳಿತು. ಮೀಸಲಾತಿಗೆ ಆ ಗೆರೆ ಬೇಕು, ತಕ್ಕ ಅನುಕೂಲ ಮಾಡಿಕೊಡುವುದಕ್ಕೆ ಬೇಡ ಎಂಬುದು ಅದರ ಸಾರ. ಅದರ ಪ್ರಕಾರ ಶೇಕಡ 40ಕ್ಕಿಂತ ಕಡಿಮೆಯಿದ್ದು ಬರೆಯಲು ಕಷ್ಟವಾಗುವವರಿಗೂ 2022ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂತು. ಇವೆರಡರ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ನಮ್ಮ ಕಚೇರಿಗಳಲ್ಲಿ ಹೆಚ್ಚಿನವರು ಕೆಟ್ಟ ಮನಸ್ಸಿನಿಂದ ನಿರಾಕರಿಸುವುದಿಲ್ಲ. ಆದೇಶವನ್ನು ಕಣ್ಣಾರೆ ನೋಡದೆ ಸಹಿ ಹಾಕಲು ಹೆದರುತ್ತಾರೆ. ಹಾಗಿದ್ದೂ ಆಗದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಹಾಸ್ಟೆಲ್‌ನ ಮೂರನೇ ಮಹಡಿ

ಹೇಳುವ ವಿಚಾರದಲ್ಲಿ ನನ್ನ ಅನುಭವ: ಎಲ್ಲರಿಗೂ ಎಲ್ಲವನ್ನೂ ಹೇಳಬೇಕಿಲ್ಲ. ಪ್ರಾಂಶುಪಾಲರಿಗೆ ಕಾಗದ ಬೇಕು, ಉಪನ್ಯಾಸಕರಿಗೆ ತರಗತಿಯಲ್ಲಿ ಏನು ಬದಲಾಗಬೇಕೆಂದು ತಿಳಿದರೆ ಸಾಕು, ಕೊಠಡಿಯ ಗೆಳೆಯನಿಗೆ ಏನು ಹೇಳಬೇಕೆಂಬುದು ಅವನಿಗೇ ಬಿಟ್ಟದ್ದು. ಅಮ್ಮ, ಇದನ್ನು ತೀರ್ಮಾನಿಸಬೇಕಾದವರು ನೀವಲ್ಲ, ನಿಮ್ಮ ಬಂಧುಗಳೂ ಅಲ್ಲ. ಅವನನ್ನು ಕೇಳಿದ್ದೀರಾ?

ಹಾಸನದ ತಾಯಿ

ಕೇಳಿರಲಿಲ್ಲ. ಇಂದು ರಾತ್ರಿ ಕೇಳುತ್ತೇನೆ.

ಹಾಸನದ ತಾಯಿ

ನಾನು ಮಗ. ಅಮ್ಮನ ಖಾತೆಯಿಂದಲೇ, ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ. ತಪ್ಪಾದ ಪದಗಳನ್ನು ಅಕ್ಕ ತಿದ್ದಿಕೊಟ್ಟಳು. ನಿನ್ನೆ ಮೈಸೂರಿಗೆ ಹೋಗಿದ್ದೆವು. ಅಮ್ಮ ಕಾಲೇಜಿನ ಗೇಟಿನ ಬಳಿಯ ಬೆಂಚಿನ ಮೇಲೆ ಕೂತರು, ನಾನೊಬ್ಬನೇ ಒಳಗೆ ಹೋದೆ. ಏನು ಹೇಳಬೇಕೆಂದು ಮೂರು ದಿನ ಅಭ್ಯಾಸ ಮಾಡಿದ್ದೆ. ಪತ್ರದ ಮೊದಲ ಸಾಲುಗಳು ಹೀಗಿದ್ದವು: "ಮಾನ್ಯರೇ, ನಾನು ಪಾಠವನ್ನು ಅರ್ಥಮಾಡಿಕೊಳ್ಳಬಲ್ಲೆ ಮತ್ತು ಬಾಯಲ್ಲಿ ವಿವರಿಸಬಲ್ಲೆ. ಕೈಯಿಂದ ವೇಗವಾಗಿ ಬರೆಯಲಾರೆ, ಬರೆದದ್ದು ಓದಲು ಸಿಗುವುದಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಸ್ಕ್ರೈಬ್ ಮತ್ತು ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ತರಗತಿಯಲ್ಲಿ ಕಪ್ಪುಹಲಗೆಯ ಫೋಟೋ ತೆಗೆದುಕೊಳ್ಳಲು ಅನುಮತಿ ಕೋರುತ್ತೇನೆ." ಪ್ರಾಂಶುಪಾಲರು ಎರಡು ಸಲ ಓದಿದರು. ಫೋಟೋಗೆ ಅಲ್ಲಿಯೇ ಒಪ್ಪಿದರು, ಮರುಪರೀಕ್ಷೆಯ ಪ್ರಮಾಣಪತ್ರ ಬಂದ ಕೂಡಲೇ ಉಳಿದದ್ದನ್ನು ವಿಶ್ವವಿದ್ಯಾಲಯಕ್ಕೆ ಕಳಿಸುತ್ತೇವೆ ಎಂದರು. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ.

ಹೊರಗೆ ಬರುವಾಗ ಪ್ರಯೋಗಾಲಯದಲ್ಲಿ ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳ ರಾಶಿ ನೋಡಿದೆ. ಪ್ರತಿ ಪ್ರಯೋಗವನ್ನೂ ಕೈಯಲ್ಲಿ ಬರೆಯಬೇಕಂತೆ, ಚಿತ್ರವನ್ನೂ ಕೈಯಲ್ಲೇ ಬಿಡಿಸಬೇಕಂತೆ, ಅದಕ್ಕೂ ಅಂಕಗಳಿವೆಯಂತೆ. ಸ್ಕ್ರೈಬ್ ಪರೀಕ್ಷೆಯ ದಿನ ಬರುತ್ತಾರೆ, ರೆಕಾರ್ಡನ್ನು ವರ್ಷವಿಡೀ ಯಾರು ಬರೆಯುತ್ತಾರೆ ಸರ್? ಅಕ್ಕನ ಕೈಯಲ್ಲಿ ಬರೆಸಿ ನನ್ನದೆಂದು ಕೊಡಲು ನನಗೆ ಇಷ್ಟವಿಲ್ಲ.

ಪರೀಕ್ಷಾ ಸಂಯೋಜಕ

ನೀನು ಕೇಳಿದ್ದು ತುಂಬ ಸರಿಯಾದ ಪ್ರಶ್ನೆ. ಆರು ವರ್ಷಗಳಲ್ಲಿ ಇದನ್ನು ನನ್ನನ್ನು ಕೇಳಿದ ಮೊದಲಿಗ ನೀನು. ನನ್ನ ಮೊದಲ ಉತ್ತರದಲ್ಲಿಯೇ ಇದು ಇರಬೇಕಿತ್ತು. ರೆಕಾರ್ಡಿನ ಉದ್ದೇಶ ನೀನು ಪ್ರಯೋಗ ಮಾಡಿ ಅಂಕಿಗಳನ್ನು ಪಡೆದೆ, ಲೆಕ್ಕ ಹಾಕಿದೆ, ಅರ್ಥಮಾಡಿಕೊಂಡೆ ಎಂದು ತೋರಿಸುವುದು. ಅದನ್ನು ಟೈಪ್ ಮಾಡಿದ ಹಾಳೆಯೂ ತೋರಿಸುತ್ತದೆ. ವಿಭಾಗದ ಮುಖ್ಯಸ್ಥರಿಗೆ ಪ್ರತ್ಯೇಕ ಪತ್ರ ಬರೆದು, ಪ್ರಯೋಗಾಲಯದಲ್ಲಿ ಅಂಕಿಗಳ ಕೋಷ್ಟಕವನ್ನು ಮಾತ್ರ ಕೈಯಲ್ಲಿ ತುಂಬಿ ಅಂದೇ ಸಹಿ ಪಡೆಯುತ್ತೇನೆ, ತತ್ವ, ವಿಧಾನ ಮತ್ತು ಲೆಕ್ಕವನ್ನು ನಾನೇ ಟೈಪ್ ಮಾಡಿ ರೆಕಾರ್ಡಿನ ಪುಟಕ್ಕೆ ಅಂಟಿಸುತ್ತೇನೆ, ಬೇಕಿದ್ದರೆ ಪ್ರತಿ ಪ್ರಯೋಗದ ಬಗ್ಗೆ ಮೌಖಿಕವಾಗಿ ಉತ್ತರಿಸುತ್ತೇನೆ ಎಂದು ಕೇಳು. ಸೆಮಿಸ್ಟರ್ ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬರುವ ಪರೀಕ್ಷಕರು ಆಕ್ಷೇಪಿಸದಂತೆ ಆ ಅನುಮತಿ ಲಿಖಿತವಾಗಿರಲಿ, ಅದರ ಪ್ರತಿಯನ್ನು ರೆಕಾರ್ಡಿನ ಮೊದಲ ಪುಟಕ್ಕೇ ಅಂಟಿಸು. ಮೊದಲ ಪ್ರಾಕ್ಟಿಕಲ್ ತರಗತಿಗೆ ಮುಂಚೆಯೇ ಇದು ಆಗಬೇಕು. ವೇಳಾಪಟ್ಟಿ ಕೈಗೆ ಬಂದ ದಿನ ಇಲ್ಲಿ ಬರೆ. ಪತ್ರದ ಕರಡನ್ನು ನೀನೇ ಸಿದ್ಧಪಡಿಸಿ ಹಾಕು, ಅಂದೇ ರಾತ್ರಿ ನೋಡಿ ಹೇಳುತ್ತೇನೆ.